ನೇತ್ರಾಣಿಯ ಕಡಲಹದ್ದುಗಳು



ಓಕಳಿಪುರದ ಮಹಡಿಯ ಮೇಲೆ ನಿಂತು ನೋಡಿದರೆ ರೈಲುಹಳಿಗಳ ಮೇಲ್ಗಡೆ ಹದ್ದುಗಳು ಸುತ್ತುತ್ತಿರುವುದು ಕಾಣುವುದು. ದಿನವೂ ಕಾಣುವ ಈ ಹಕ್ಕಿಯ ಕುಲಕ್ಕೂ ಒಂದು ಚರಿತ್ರೆಯುಂಟೆಂದು ನಾವಾರೂ ಭಾವಿಸುವುದಿಲ್ಲ. ಆದರೆ ಆ ಕುಲದ ಒಂದು ಹಕ್ಕಿಗೆ ನಮ್ಮ ನಾಡಿನಲ್ಲಿ ಬರೆದಿಟ್ಟ ಚರಿತ್ರೆಯೇ ಇರುವುದು.

ವಿಜಯನಗರದ ಅರಸರಿಗೆ ಕುದುರೆಗಳು ಬಂದಿಳಿಯುತ್ತಿದ್ದ ಭಟ್ಕಳದ ರೇವನ್ನು ತಾವು ಬಲ್ಲಿರಿ. ಅದಕ್ಕೆ ಸಮೀಪದ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ, ಕಡಲ ನಡುವೆ, ನೇತ್ರಾಣಿಯೆಂಬ ಕಾಡುಗುಡ್ಡವು ಎದ್ದು ನಿಂತಿದೆ. ಆಂಗ್ಲರು ಇದನ್ನು ಪಾರಿವಾಳದ ದ್ವೀಪವೆಂದು ಕರೆದರು. ಹೆಸರೇನೋ ಪಾರಿವಾಳಕ್ಕೆ ಸಂದಿತು. ಆದರೆ ಅಲ್ಲಿನ ಒಡೆತನ ಬಿಳಿಹೊಟ್ಟೆಯ ಕಡಲಹದ್ದಿನದು.

ಮದರಾಸು ಸೈನ್ಯದಲ್ಲಿ ವೈದ್ಯರಾಗಿದ್ದ ಥಾಮಸ್ ಜೆರ್ಡನ್ನರು ಅಲ್ಲಿ ತಾವು ಕಂಡುದನ್ನು, 1862ರಲ್ಲಿ ಹೊರಬಂದ ತಮ್ಮ ಭಾರತೀಯ ಪಕ್ಷಿಗ್ರಂಥದ ಮೊದಲ ಸಂಪುಟದಲ್ಲಿ ಬರೆದರು. ಹೆಮ್ಮರಗಳಲ್ಲಿ ಗೂಡುಗಳು, ಬುಡದಲ್ಲಿ ಚೆಲ್ಲಿದ ಮೂಳೆಗಳು, ಅವುಗಳಲ್ಲಿ ಹೆಚ್ಚಿನವು ಕಡಲಹಾವುಗಳವು! ಹಾವು ಉಸಿರಿಗೆಂದು ನೀರಿನ ಮೇಲಕ್ಕೆ ಬರಲೇಬೇಕಷ್ಟೆ. ಹದ್ದು ಆ ಗಳಿಗೆಯನ್ನೇ ಕಾದಿದ್ದು ಎರಗುವುದು. ಹಳೆಯ ಗೂಡಿಗೇ ವರ್ಷವರ್ಷವೂ ಹೊಸ ಕಡ್ಡಿಗಳನ್ನು ಸೇರಿಸುತ್ತ ಬರುವುದರಿಂದ ಅದು ಬೆಳೆದು ಭಾರಿಯಾಗುವುದು. ಅದನ್ನು ಹೊರಲು ಎಳೆಯ ಮರ ಸಾಲದು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಸುಮಾರು 100 ಗೂಡುಗಳಿದ್ದುವೆಂದು ದಾಖಲೆಯಿದೆ. 2000ದಿಂದ 2004ರ ಅವಧಿಯಲ್ಲಿ ಎಣಿಸಿದವರಿಗೆ ದೊರೆತವು 44. ಎಲ್ಲ ಗೂಡುಗಳೂ ಪ್ರತಿವರ್ಷ ತುಂಬಿರುವುದಿಲ್ಲವೆಂಬುದನ್ನು ನೆನೆದರೆ, ಸಂಸಾರಗಳ ಸಂಖ್ಯೆ ಇನ್ನೂ ಕಡಿಮೆಯೆನ್ನಬೇಕು. ಈ ನಡುವೆ ನೌಕಾಪಡೆಯು ದ್ವೀಪವನ್ನು ಗುರಿಯಭ್ಯಾಸಕ್ಕೆ ಬಳಸಿತು. ಸಿಡಿಯದ ಗುಂಡುಗಳು ಕಾಡಿನೊಳಗೆ ಬಿದ್ದಿದ್ದುವು. ನಾಡಿನ ರಕ್ಷಣೆಗೆ ಅಭ್ಯಾಸ ಬೇಕೆಂಬುದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಗುರಿಗೆ ಬರಿಯ ಬಂಡೆಯಾದರೂ ಸಾಕು. ಹದ್ದಿಗೆ ಮಾತ್ರ ತಲೆಮಾರುಗಳ ಕಾಲ ಬೆಳೆದ ಮರವೇ ಆಗಬೇಕು. ಇಷ್ಟು ಹದ್ದುಗಳು ಒಂದೆಡೆ ನೆರೆದು ಬಾಳುವ ತಾಣ ನಮ್ಮ ಕರಾವಳಿಯಲ್ಲಿ ಬೇರೊಂದನ್ನು ನಾನು ಕೇಳಿಲ್ಲ.

ಜೆರ್ಡನ್ನರೇನೂ ಚರಿತ್ರೆಯನ್ನು ಬರೆಯಹೊರಟವರಲ್ಲ. ಆದರೂ ಅವರೂ ಅವರ ತರುವಾಯದವರೂ ಬರೆದಿಡದೆ ಹೋಗಿದ್ದರೆ, ಆ 44 ಗೂಡುಗಳನ್ನು ನೋಡಿ ನಾವು ಸಮೃದ್ಧಿಯೆಂದೇ ಹಿಗ್ಗುತ್ತಿದ್ದೆವು.

ಈಗ ಮುರುಡೇಶ್ವರದಿಂದ ದೋಣಿಗಳಲ್ಲಿ ಹೋಗುವವರು ನೀರಿನಲ್ಲಿ ಮುಳುಗಿ ಬಣ್ಣದ ಮೀನುಗಳನ್ನು ನೋಡಿ ಮರಳುವರು. ತಾವು ಹೋಗುವುದಾದರೆ ದುರ್ಬೀನೊಂದನ್ನು ಒಯ್ಯಿರಿ. ದ್ವೀಪದ ಮೇಲೆ ಇಳಿಯುವುದು ಬೇಡ. ದೋಣಿಯಲ್ಲಿಯೇ ಕುಳಿತು, ತಲೆಯೆತ್ತಿ, ಮರದ ನೆತ್ತಿಯ ಗೂಡುಗಳನ್ನು ಎಣಿಸಿ, ತಾರೀಖಿನೊಡನೆ ಬರೆದುಕೊಳ್ಳಿರಿ.