ರಂಜಕದ ಬೆಳಕು: ಒಂದು ಪೂರ್ವಪಕ್ಷದ ಇತಿಹಾಸ

ಅನಿಲಗಳ ರಾಸಾಯನಿಕ ಕ್ರಿಯೆಯ ವೇಗವು ಉಷ್ಣವನ್ನೂ ಒತ್ತಡವನ್ನೂ ಅನುಸರಿಸುವುದೆಂಬುದು ಶಾಸ್ತ್ರಜ್ಞರಿಗೆ ಬಹುಕಾಲದಿಂದ ವಿದಿತವಾದ ವಿಷಯ. ಉಷ್ಣವೇರಿದರೆ ಅಣುಗಳ ಸಂಘಟ್ಟನೆಯು ಪ್ರಬಲವಾಗುವುದು. ಒತ್ತಡವೇರಿದರೆ ಸಂಘಟ್ಟನೆಗಳ ಸಂಖ್ಯೆಯು ಹೆಚ್ಚುವುದು. ಆದಕಾರಣ ಒತ್ತಡದೊಡನೆ ವೇಗವೂ ಕ್ರಮವಾಗಿಯೇ ಏರಬೇಕೆಂಬುದು ಸಾಮಾನ್ಯವಾದ ಎಣಿಕೆ. ಈ ಎಣಿಕೆಗೆ ಒಂದು ಅಪವಾದವು 1926ರಲ್ಲಿ ಲೆನಿನ್‌ಗ್ರಾಡಿನಲ್ಲಿ ತೋರಿತು.

ನಿಕೊಲಾಯ್ ಸೆಮೆನೊವರ ಪ್ರಯೋಗಶಾಲೆಯಲ್ಲಿ ಯೂಲಿ ಖಾರಿಟಾನ್, ಜಿನೈದಾ ವಾಲ್ಟಾ ಎಂಬ ತರುಣ ಸಂಶೋಧಕರು ರಂಜಕದ ಆವಿಯೊಡನೆ ಅತ್ಯಲ್ಪವಾದ ಆಮ್ಲಜನಕವನ್ನು ಬೆರಸಿ ನೋಡಿದರು. ಆಮ್ಲಜನಕದ ಒತ್ತಡವು ಒಂದು ಮಿತಿಗಿಂತ ಕೆಳಗಿದ್ದಾಗ ಬೆಳಕೇ ಇಲ್ಲ. ಮಿತಿಯನ್ನು ದಾಟಿದೊಡನೆಯೇ ಪಾತ್ರೆಯು ಬೆಳಗಿತು. ಇದಕ್ಕಿಂತಲೂ ಆಶ್ಚರ್ಯವೇನೆಂದರೆ, ಮಿತಿಯ ಕೆಳಗೆ ಸುಮ್ಮನಿದ್ದ ಮಿಶ್ರಣಕ್ಕೆ ಆರ್ಗಾನನ್ನು ಬಿಟ್ಟರೆ ಅದೂ ಬೆಳಗಿತು. ತಾನು ಯಾವುದರೊಡನೆಯೂ ಕೂಡದ ಉದಾಸೀನವಾದ ಅನಿಲವು ಕ್ರಿಯೆಗೆ ಕಾರಣವಾಗುವುದೆಂತು?

ಬರ್ಲಿನ್ನಿನ ಮ್ಯಾಕ್ಸ್ ಬೋಡೆನ್‌ಸ್ಟೈನರು ಈ ಶಾಸ್ತ್ರದಲ್ಲಿ ಆಗ ಪರಮಪ್ರಮಾಣರು. ಶೃಂಖಲಾಕ್ರಿಯೆಯ ಕಲ್ಪನೆಯನ್ನು 1913ರಲ್ಲಿ ಮುಂದಿಟ್ಟವರೂ ಅವರೇ. ಅವರು ಈ ಫಲವನ್ನು ಪ್ರಯೋಗದೋಷದಿಂದುಂಟಾದ ಭ್ರಾಂತಿಯೆಂದು ನಿರಾಕರಿಸಿದರು. ಖಾರಿಟಾನರು ಅಷ್ಟರಲ್ಲಿ ಕೇಂಬ್ರಿಜ್ಜಿಗೆ ತೆರಳಿದ್ದರು. ಸೆಮೆನೊವರು ಪ್ರತಿವಾದಕ್ಕೆ ಮಾತನ್ನು ಹುಡುಕದೆ, ಪ್ರಯೋಗವನ್ನೇ ಮತ್ತೆ ಮಾಡಿದರು. ಮಿತಿಯು ಸ್ಥಿರವಾಗಿ ನಿಂತಿತು. ಪಾತ್ರೆಯು ಹಿರಿದಾದಷ್ಟೂ ಅದು ತಗ್ಗುವುದೆಂದೂ ತಿಳಿಯಿತು.

ಇದರ ಉಪಪತ್ತಿ ಹೀಗೆ: ಇಂಥ ಕ್ರಿಯೆಯಲ್ಲಿ ಚಟುವಟಿಕೆಯುಳ್ಳ ಒಂದು ಕಣವು ಅಂಥ ಹಲವನ್ನು ಹುಟ್ಟಿಸುತ್ತದೆ, ಶೃಂಖಲೆಯು ಕವಲೊಡೆಯುತ್ತದೆ. ಒತ್ತಡವು ಅಲ್ಪವಾದಾಗ ಕಣಗಳು ಕವಲೊಡೆಯುವ ಮುನ್ನವೇ ಪಾತ್ರೆಯ ಗೋಡೆಯನ್ನು ತಾಗಿ ನಶಿಸುತ್ತವೆ. ಪಾತ್ರೆಯು ಹಿರಿದಾದರೆ ಗೋಡೆಯು ದೂರವಾಗುವುದು. ಆರ್ಗಾನು ನಡುವೆ ತಡೆದರೆ ಗೋಡೆಯನ್ನು ಸೇರುವುದು ತಡವಾಗುವುದು. ಹುಟ್ಟು ಸಾವನ್ನು ಮೀರಿದ ಕ್ಷಣದಿಂದ ಕ್ರಿಯೆಯು ಉಲ್ಬಣಿಸುವುದು.

ಆಕ್ಸ್‌ಫರ್ಡಿನಲ್ಲಿ ಸಿರಿಲ್ ಹಿನ್ಶೆಲ್‌ವುಡ್ಡರು ಜಲಜನಕ ಆಮ್ಲಜನಕಗಳ ಮಿಶ್ರಣದಲ್ಲಿಯೂ ಇದರ ಸಾದೃಶ್ಯವನ್ನು ಕಂಡರು. ಅಲ್ಲಿ ಮಿತಿಗಳು ಎರಡು: ಕೆಳಗಿನ ಮಿತಿಯನ್ನು ದಾಟಿದರೆ ಸ್ಫೋಟ; ಮೇಲಿನ ಮಿತಿಯನ್ನು ದಾಟಿದರೆ ಮತ್ತೆ ಶಾಂತಿ. ಏಕೆಂದರೆ ಒತ್ತಡವು ಹೆಚ್ಚಿದಾಗ ಕಣಗಳು ಗೋಡೆಯನ್ನು ಮುಟ್ಟುವ ಮುನ್ನವೇ ಅನಿಲದ ನಡುವಣ ಸಂಘಟ್ಟನೆಗಳಲ್ಲಿ ಚಟುವಟಿಕೆಯನ್ನು ಕಳೆದುಕೊಳ್ಳುತ್ತವೆ. 1956ರಲ್ಲಿ ಇವರೀರ್ವರಿಗೂ ನೊಬೆಲ್ ಪಾರಿತೋಷಕವು ದೊರೆಯಿತು.

ನ್ಯಾಯಶಾಸ್ತ್ರಕಾರರು ವಾದವನ್ನು ಜಲ್ಪವಿತಂಡೆಗಳಿಂದ ಬೇರ್ಪಡಿಸಿ, ತತ್ತ್ವನಿರ್ಣಯವೇ ವಾದದ ಫಲವೆಂದರು. ಬೋಡೆನ್‌ಸ್ಟೈನರು ಕಡೆಗೆ ಹೊಸ ಸಿದ್ಧಾಂತವನ್ನು ಅಂಗೀಕರಿಸಿದರು. ಅವರ ಪೂರ್ವಪಕ್ಷವಿಲ್ಲದಿದ್ದರೆ ಪ್ರಯೋಗವು ಅಷ್ಟು ಎಚ್ಚರದಿಂದ ಮತ್ತೆ ನಡೆಯುತ್ತಿತ್ತೆನ್ನುವಂತಿಲ್ಲ. ಅವರ ಪ್ರಾಮಾಣ್ಯಕ್ಕೆ ಅಂಜಿ ತರುಣರ ಫಲವನ್ನು ಕೈಬಿಟ್ಟಿದ್ದರೆ ಸಿದ್ಧಾಂತವೇ ಹುಟ್ಟುತ್ತಿರಲಿಲ್ಲ. ಪಾಠಶೋಧನೆಯಲ್ಲಿ ತೊಡಗಿದ ನಮಗೂ ಇದು ಮನನೀಯವಾದುದು: ಎಣಿಕೆಗೆ ಹೊಂದದ ಪಾಠವನ್ನು ಲಿಪಿಕಾರನ ಪ್ರಮಾದವೆಂದು ತಳ್ಳುವ ಮೊದಲು ಓಲೆಯನ್ನು ಮತ್ತೊಮ್ಮೆ ನೋಡಬೇಕು.