ಹಳೇ ಫೋನಿನಲ್ಲಿ ಮೇಲ್ ಬರ್ತಿಲ್ವಾ? ರೀಸೆಟ್ ಒತ್ತುವ ಮುಂಚೆ ಇಷ್ಟು ನೋಡಿ

ಚಿತ್ರದುರ್ಗ: ವ್ಯಾಪಾರಕ್ಕೆ ಹೊಸ ಫೋನ್, ಮೇಲ್‌ಗೆ ಮಾತ್ರ ಡ್ರಾದಲ್ಲಿರುವ ಹಳೇ ಫೋನ್. ಜಿಲ್ಲೆಯ ಎಷ್ಟೋ ಅಂಗಡಿಗಳಲ್ಲಿ ಪರಿಸ್ಥಿತಿ ಹೀಗೇ ಇದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ನೋಂದಣಿಗೆ ಮೇಲ್ ಐಡಿ ಬೇಕು ಅಂದರು, ಯಾರೋ ಕಂಪ್ಯೂಟರ್ ಸೆಂಟರ್‌ನಲ್ಲಿ ಒಂದು ಐಡಿ ಮಾಡಿಕೊಟ್ಟರು, ಅವತ್ತು ಕೈಯಲ್ಲಿದ್ದ ಫೋನಿಗೆ ಹಾಕಿಕೊಂಡದ್ದು ಹಾಗೇ ಉಳಿಯಿತು. ಪಾಸ್‌ವರ್ಡ್ ಏನು ಅಂತ ಈಗ ಯಾರಿಗೂ ನೆನಪಿಲ್ಲ.

ಆ ಫೋನಿನಲ್ಲಿ ಮೇಲ್ ನಿಂತರೆ ಹೋಗಲಿ ಬಿಡು ಅನ್ನುವಂತಿಲ್ಲ. ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 169ರ ಪ್ರಕಾರ ನೋಂದಣಿಯಲ್ಲಿ ಕೊಟ್ಟ ಇಮೇಲ್‌ಗೆ ಕಳಿಸಿದರೂ, ಪೋರ್ಟಲ್‌ನಲ್ಲಿ ಹಾಕಿದರೂ ನೋಟಿಸ್ ಜಾರಿ ಮಾಡಿದ ಹಾಗೇ ಲೆಕ್ಕ. ಚಳ್ಳಕೆರೆಯ ಎಣ್ಣೆ ಮಿಲ್ ಇರಲಿ, ಹಿರಿಯೂರಿನ ಗೊಬ್ಬರದ ಅಂಗಡಿ ಇರಲಿ, ‘ನಾನು ಮೇಲ್ ನೋಡೇ ಇಲ್ಲ ಸಾರ್’ ಅನ್ನುವ ಮಾತಿಗೆ ಅಲ್ಲಿ ಬೆಲೆ ಕಮ್ಮಿ. ಹಾಗಾಗಿ ಫೋನ್ ರಿಪೇರಿ ಆಮೇಲಿನ ಮಾತು. ಮೊದಲು ಉಳಿಸಿಕೊಳ್ಳಬೇಕಾದದ್ದು ಮೇಲ್ ಖಾತೆ.

ಸೈನ್ ಔಟ್ ಮಾಡಬೇಡಿ

ಮೇಲ್ ಬರ್ತಿಲ್ಲ ಅಂದ ಕೂಡಲೇ ಎಲ್ಲರೂ ಮಾಡುವ ಕೆಲಸ ಎರಡು. ಖಾತೆ ತೆಗೆದು ಮತ್ತೆ ಹಾಕೋದು, ಇಲ್ಲಾ ಪೂರ್ತಿ ರೀಸೆಟ್ ಹೊಡೆಯೋದು. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಎರಡೂ ಅಪಾಯ. ಹಳೇ ಫೋನಿನಲ್ಲಿ ಖಾತೆ ಇನ್ನೂ ಲಾಗಿನ್ ಆಗಿಯೇ ಇದ್ದರೆ ಆ ಫೋನೇ ನಿಮ್ಮ ಬೀಗದ ಕೈ. ಹೊಸ ಫೋನಿನಲ್ಲಿ ಲಾಗಿನ್ ಆಗುವಾಗ ‘ನೀವೇನಾ?’ ಅಂತ ಗೂಗಲ್ ಕೇಳುವ ಪ್ರಶ್ನೆ ಆ ಹಳೇ ಫೋನಿಗೇ ಬರಬಹುದು. ಅದಕ್ಕೆ ‘ಹೌದು’ ಅಂತ ಒತ್ತಿದರೆ ದಾರಿ ಸಲೀಸು.

ಆಂಡ್ರಾಯ್ಡ್ 5.1ರಿಂದ ಈಚಿನ ಬಹಳಷ್ಟು ಫೋನುಗಳಲ್ಲಿ ಇನ್ನೊಂದು ಬೀಗ ಇದೆ. ಫೋನ್ ಲಾಕ್ ಮರೆತು, ಬಟನ್ ಒತ್ತಿ ರೀಸೆಟ್ ಮಾಡಿದರೆ, ಆನ್ ಆದ ಮೇಲೆ ಮೊದಲಿದ್ದ ಗೂಗಲ್ ಖಾತೆ ಮತ್ತು ಪಾಸ್‌ವರ್ಡನ್ನೇ ಕೇಳುತ್ತೆ. ಕಳ್ಳತನ ತಡೆಯೋಕೆ ಮಾಡಿದ ವ್ಯವಸ್ಥೆ ಇದು, ಪಾಸ್‌ವರ್ಡ್ ಮರೆತ ಮಾಲೀಕರಿಗೂ ಅದೇ ನ್ಯಾಯ. ಮೇಲೂ ಹೋಯ್ತು, ಫೋನೂ ಹೋಯ್ತು.

ಆದ್ದರಿಂದ ಲಾಗಿನ್ ಇರುವಾಗಲೇ ಸೆಟ್ಟಿಂಗ್ಸ್‌ನ ಗೂಗಲ್ ಖಾತೆಗೆ ಹೋಗಿ, ಭದ್ರತೆ ಪುಟದಲ್ಲಿ ರಿಕವರಿ ನಂಬರ್ ಯಾವುದಿದೆ ಅಂತ ನೋಡಿ. ರೀಚಾರ್ಜ್ ಇಲ್ಲದೆ ಬಂದ್ ಆದ ಸಿಮ್‌ನ ನಂಬರ್ ಅಲ್ಲಿದ್ದರೆ ಇವತ್ತೇ ಬದಲಾಯಿಸಿ. ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಗಳು ಬೇರೆಯವರಿಗೆ ಕೊಡಬಹುದು. ನಿಮ್ಮ ಮೇಲ್‌ನ ಒಟಿಪಿ ಆಗ ಯಾರದೋ ಊರಿನ ಯಾರದೋ ಕೈಗೆ ಹೋಗುತ್ತೆ.

ಸಣ್ಣ ಕಾರಣಗಳೇ ಜಾಸ್ತಿ

ಖಾತೆ ಗಟ್ಟಿ ಮಾಡಿಕೊಂಡ ಮೇಲೆ ಫೋನಿನ ಕಡೆ ಬನ್ನಿ. ಮೊದಲು ತಾರೀಖು ನೋಡಿ. ಬ್ಯಾಟರಿ ಪೂರ್ತಿ ಇಳಿದು ಡ್ರಾದಲ್ಲಿ ಬಿದ್ದಿದ್ದ ಫೋನ್ ಆನ್ ಮಾಡಿದಾಗ ಕೆಲವು ಸಲ ತಾರೀಖು ಹತ್ತಾರು ವರ್ಷ ಹಿಂದಕ್ಕೆ ಹೋಗಿರುತ್ತೆ. ತಾರೀಖು ತಪ್ಪಿದ್ದರೆ ಸರ್ವರ್‌ನ ಪ್ರಮಾಣಪತ್ರ ಸರಿಯಿಲ್ಲ ಅಂತ ಫೋನ್ ಭಾವಿಸಿ ಸಂಪರ್ಕವನ್ನೇ ಬಿಡುತ್ತೆ. ‘ಸರ್ಟಿಫಿಕೇಟ್ ಎರರ್’ ಅಂತ ಬಂದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಡೇಟ್ ಅಂಡ್ ಟೈಮ್‌ನಲ್ಲಿ ಆಟೊಮ್ಯಾಟಿಕ್ ಹಾಕಿದರೆ ಮುಗೀತು.

ಆಮೇಲೆ ಸಿಂಕ್. ಬ್ಯಾಟರಿ ಉಳಿಸೋಕೆ ಅಂತ ಯಾವಾಗಲೋ ಆಫ್ ಮಾಡಿದ್ದು ಮರೆತೇ ಹೋಗಿರುತ್ತೆ. ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ ಜಿಮೇಲ್ ಸಿಂಕ್ ಆನ್ ಇದೆಯಾ ನೋಡಿ.

ಇನ್ನು ಜಾಗ. ಇಲ್ಲಿ ಎರಡು ಬೇರೆ ಬೇರೆ ಲೆಕ್ಕ. ಫೋನಿನ ಮೆಮೊರಿ ತುಂಬಿದ್ದರೆ ವಾಟ್ಸಾಪ್ ವಿಡಿಯೊ ಅಳಿಸಿದರೆ ಆಗುತ್ತೆ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ತುಂಬಿದ್ದರೆ ಫೋನಿನಲ್ಲಿ ಏನು ಅಳಿಸಿದರೂ ಪ್ರಯೋಜನ ಇಲ್ಲ. ಆ 15 ಜಿಬಿ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿದ್ದು. 2021ರ ಜೂನ್ 1ರಿಂದ ಬ್ಯಾಕಪ್ ಆಗುವ ಫೋಟೊಗಳೂ ಇದೇ ಲೆಕ್ಕಕ್ಕೆ ಬೀಳುತ್ತವೆ. ಮನೆಯ ಮದುವೆ ಫೋಟೊ ತುಂಬಿಕೊಂಡು ಅಂಗಡಿಯ ಮೇಲ್ ವಾಪಸ್ ಹೋಗುವುದು ಹೀಗೆ. ಅಂಗಡಿ ಐಡಿಯಲ್ಲಿ ಫೋಟೊ ಬ್ಯಾಕಪ್ ಬಂದ್ ಮಾಡಿಡುವುದು ಒಳ್ಳೇದು.

ಪಾಸ್‌ವರ್ಡ್ ಸರಿ ಇದ್ದರೂ ‘ತಪ್ಪು’ ಅಂದರೆ

ಅತಿ ಹೆಚ್ಚು ತಲೆ ತಿನ್ನುವ ಸಮಸ್ಯೆ ಇದೇ. ಅದೇ ಪಾಸ್‌ವರ್ಡ್ ಹೊಸ ಫೋನಿನಲ್ಲಿ ನಡೆಯುತ್ತೆ, ಹಳೇ ಫೋನಿನ ‘ಇಮೇಲ್’ ಆ್ಯಪ್‌ನಲ್ಲಿ ಮಾತ್ರ ತಪ್ಪು ಅಂತ ಬರುತ್ತೆ. ಇದು ನಿಮ್ಮ ತಪ್ಪೂ ಅಲ್ಲ, ಫೋನ್ ಕೆಟ್ಟದ್ದೂ ಅಲ್ಲ. ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುವ ಹಳೇ ಆ್ಯಪ್‌ಗಳನ್ನು ಗೂಗಲ್ 2022ರ ಮೇ 30ರಿಂದ ಸೇರಿಸುತ್ತಿಲ್ಲ. ಅದಕ್ಕೂ ಮೊದಲು, 2021ರ ಸೆಪ್ಟೆಂಬರ್ 27ರಂದು, ಆಂಡ್ರಾಯ್ಡ್ 2.3.7 ಮತ್ತು ಅದಕ್ಕಿಂತ ಹಳೇ ಫೋನುಗಳಲ್ಲಿ ಗೂಗಲ್ ಲಾಗಿನ್ ನಿಲ್ಲಿಸಿತ್ತು. 2023ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್ 4.4ಕ್ಕೂ ಪ್ಲೇ ಸರ್ವಿಸಸ್ ಬೆಂಬಲ ನಿಂತಿತು. ನಿಮ್ಮದು ಯಾವ ವರ್ಷನ್ ಅಂತ ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ನಲ್ಲಿ ಸಿಗುತ್ತೆ.

ಇಂಥ ಫೋನಿಗೆ ಉಳಿದಿರುವ ದಾರಿ ‘ಆ್ಯಪ್ ಪಾಸ್‌ವರ್ಡ್’. ಇದನ್ನು ಹೊಸ ಫೋನ್ ಅಥವಾ ಕಂಪ್ಯೂಟರ್‌ನಲ್ಲೇ ಮಾಡಬೇಕು. ಗೂಗಲ್ ಖಾತೆಯ ಭದ್ರತೆ ಪುಟದಲ್ಲಿ ಮೊದಲು ಟೂ-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ. ಅದಿಲ್ಲದೆ ಆ್ಯಪ್ ಪಾಸ್‌ವರ್ಡ್ ಆಯ್ಕೆಯೇ ಕಾಣಲ್ಲ. ಆಮೇಲೆ ಖಾತೆ ಪುಟದ ಹುಡುಕುವ ಜಾಗದಲ್ಲಿ ‘ಆ್ಯಪ್ ಪಾಸ್‌ವರ್ಡ್ಸ್’ ಅಂತ ಇಂಗ್ಲಿಷಿನಲ್ಲಿ ಹೊಡೆದರೆ ಆ ಪುಟ ಸಿಗುತ್ತೆ. ‘ಅಂಗಡಿ ಫೋನ್’ ಅಂತ ಏನಾದರೂ ಹೆಸರು ಕೊಡಿ. 16 ಅಕ್ಷರದ ಪಾಸ್‌ವರ್ಡ್ ಒಂದೇ ಒಂದು ಸಲ ಕಾಣುತ್ತೆ, ಮತ್ತೆ ತೋರಿಸಲ್ಲ. ಅದನ್ನು ನೋಡಿಕೊಂಡು ಹಳೇ ಫೋನಿನಲ್ಲಿ ಮಾಮೂಲಿ ಪಾಸ್‌ವರ್ಡ್ ಜಾಗಕ್ಕೆ ಸಣ್ಣ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಹೊಡೆಯಿರಿ. ಹಳೇ ಕೀಬೋರ್ಡ್‌ಗಳು ಮೊದಲ ಅಕ್ಷರವನ್ನು ತಾವೇ ದೊಡ್ಡದು ಮಾಡುತ್ತವೆ, ಅದೊಂದು ಎಚ್ಚರ ಇರಲಿ. ಮುಂದೆ ಯಾವಾಗಲಾದರೂ ಮುಖ್ಯ ಪಾಸ್‌ವರ್ಡ್ ಬದಲಾಯಿಸಿದರೆ ಆ್ಯಪ್ ಪಾಸ್‌ವರ್ಡ್ ರದ್ದಾಗುತ್ತೆ, ಹೊಸದು ಮಾಡಬೇಕು.

ಫೋನ್ ತಾನಾಗಿ ಸೆಟ್ಟಿಂಗ್ ಹಿಡಿಯದಿದ್ದರೆ ‘ಮ್ಯಾನುವಲ್ ಸೆಟಪ್’ ಒತ್ತಿ ಐಮ್ಯಾಪ್ ಆರಿಸಿ. ಪಾಪ್ ಬೇಡ. ಪಾಪ್‌ನಲ್ಲಿ ಮೇಲ್ ಆ ಒಂದು ಫೋನಿಗೆ ಇಳಿದು ಕೂರುತ್ತೆ, ಸೆಟ್ಟಿಂಗ್ ನೋಡದೆ ಬಿಟ್ಟರೆ ಸರ್ವರ್‌ನಿಂದ ಅಳಿದೂ ಹೋಗಬಹುದು. ಒಳಬರುವ ಸರ್ವರ್ ‘ಐ-ಎಂ-ಎ-ಪಿ ಡಾಟ್ ಜಿಮೇಲ್ ಡಾಟ್ ಕಾಮ್’, ಪೋರ್ಟ್ 993, ಭದ್ರತೆ ಎಸ್‌ಎಸ್‌ಎಲ್. ಹೊರಹೋಗುವ ಸರ್ವರ್ ‘ಎಸ್-ಎಂ-ಟಿ-ಪಿ ಡಾಟ್ ಜಿಮೇಲ್ ಡಾಟ್ ಕಾಮ್’, ಪೋರ್ಟ್ 465, ಎಸ್‌ಎಸ್‌ಎಲ್. 465 ಆಗದಿದ್ದರೆ 587 ಹಾಕಿ ಟಿಎಲ್‌ಎಸ್ ಕೊಡಿ. ಯೂಸರ್‌ನೇಮ್ ಅಂದರೆ ಪೂರ್ತಿ ಮೇಲ್ ವಿಳಾಸ, ಬರೀ ಹೆಸರಲ್ಲ. ಮೇಲ್ ಬರುತ್ತೆ, ಕಳಿಸೋಕೆ ಆಗಲ್ಲ ಅಂದರೆ ತೊಂದರೆ ಸಾಮಾನ್ಯವಾಗಿ ಹೊರಹೋಗುವ ಸರ್ವರ್‌ನಲ್ಲೇ ಇರುತ್ತೆ. ‘ಲಾಗಿನ್ ಅಗತ್ಯ’ ಅನ್ನುವ ಟಿಕ್ ಬಿಟ್ಟುಹೋಗಿದೆಯಾ ನೋಡಿ. ಕಳಿಸುವ ಫೈಲ್ 25 ಎಂಬಿ ದಾಟಿದ್ದರೂ ಹೋಗಲ್ಲ.

ಯಾಹೂ ಮೇಲ್‌ಗೂ ಹೀಗೇ ಆ್ಯಪ್ ಪಾಸ್‌ವರ್ಡ್ ಬೇಕು. ಹಾಟ್‌ಮೇಲ್, ಔಟ್‌ಲುಕ್ ಐಡಿ ಇದ್ದವರಿಗೆ ಆ ದಾರಿಯೂ ಇಲ್ಲ. 2024ರ ಸೆಪ್ಟೆಂಬರ್ 16ರಿಂದ ಮೈಕ್ರೋಸಾಫ್ಟ್ ಪಾಸ್‌ವರ್ಡ್ ಮಾತ್ರದ ಲಾಗಿನ್ ನಿಲ್ಲಿಸಿದೆ. ಅಂಥವರು ಹಳೇ ಆ್ಯಪ್ ಜೊತೆ ಗುದ್ದಾಡುವುದು ಬಿಟ್ಟು ಹೊಸ ಫೋನಿಗೆ ಬರುವುದೇ ಸರಿ. ನಿಜ ಹೇಳಬೇಕು ಅಂದರೆ ಭದ್ರತಾ ಅಪ್‌ಡೇಟ್ ನಿಂತ ಫೋನಿನಲ್ಲಿ ಅಂಗಡಿಯ ಮುಖ್ಯ ಮೇಲ್ ಇಡುವುದೇ ಒಳ್ಳೆಯದಲ್ಲ. ಆ್ಯಪ್ ಪಾಸ್‌ವರ್ಡ್ ತಾತ್ಕಾಲಿಕ ಏರ್ಪಾಡು ಅಂದುಕೊಳ್ಳಿ.

ಪಾಸ್‌ವರ್ಡ್ ಹೋಯ್ತು, ಸಿಮ್ಮೂ ಹೋಯ್ತು

ಇಷ್ಟಾದರೂ ಲಾಗಿನ್ ಆಗದಿದ್ದರೆ ಗೂಗಲ್‌ನ ಅಕೌಂಟ್ ರಿಕವರಿ ಪುಟ ಒಂದೇ ಗತಿ. ಯಾವ ಫೋನಿನಲ್ಲಿ, ಯಾವ ಜಾಗದಲ್ಲಿ ಯಾವಾಗಲೂ ಮೇಲ್ ನೋಡುತ್ತಿದ್ದಿರೋ ಅಲ್ಲಿಂದಲೇ ಪ್ರಯತ್ನ ಮಾಡಿ. ಗುರುತು ಹಿಡಿಯೋಕೆ ಗೂಗಲ್ ಅದನ್ನೂ ನೋಡುತ್ತೆ. ಬೇರೆ ಊರಿನ ನೆಂಟರಿಗೆ ಫೋನ್ ಮಾಡಿ ‘ನೀನೇ ನೋಡಪ್ಪಾ’ ಅಂದರೆ ಸಿಗುವ ಸಾಧ್ಯತೆ ಕಮ್ಮಿ. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಗಳನ್ನು 2023ರ ಡಿಸೆಂಬರ್‌ನಿಂದ ಗೂಗಲ್ ಅಳಿಸುವ ನಿಯಮ ತಂದಿದೆ, ಹಾಗಾಗಿ ನಾಳೆ ನೋಡೋಣ ಅನ್ನಬೇಡಿ.

ಇಂಟರ್‌ನೆಟ್‌ನಲ್ಲಿ ‘ಜಿಮೇಲ್ ಕಸ್ಟಮರ್ ಕೇರ್’ ಅಂತ ಹುಡುಕಿ ಸಿಕ್ಕ ನಂಬರಿಗೆ ಫೋನ್ ಮಾಡಲೇಬೇಡಿ. ಖಾತೆ ಬಿಡಿಸಿಕೊಡುತ್ತೇವೆ ಅಂತ ದುಡ್ಡು ಕೇಳುವವರು, ಒಟಿಪಿ ಕೇಳುವವರು ಗೂಗಲ್‌ನವರಲ್ಲ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಮೇಲ್ ಬೇರೆಯವರದ್ದಾಗಿದ್ದರೆ

ಕೆಲವರ ಕಥೆ ಇನ್ನೂ ಬೇರೆ. ಜಿಎಸ್‌ಟಿಯಲ್ಲಿರುವ ಮೇಲ್ ಅವರದ್ದೇ ಅಲ್ಲ, ಅವತ್ತು ಅರ್ಜಿ ಹಾಕಿಕೊಟ್ಟ ಲೆಕ್ಕ ಬರೆಯುವವರದ್ದು. ಇದು ದೇಶದೆಲ್ಲೆಡೆ ಆದ ಸಮಸ್ಯೆ, ಅದಕ್ಕಾಗಿ ಪ್ರತ್ಯೇಕ ವ್ಯವಸ್ಥೆಯೂ ಇದೆ. ಪೋರ್ಟಲ್‌ಗೆ ಲಾಗಿನ್ ಆಗೋಕೆ ಆದರೆ ನೋಂದಣಿ ತಿದ್ದುಪಡಿಯಲ್ಲಿ ‘ನಾನ್ ಕೋರ್’ ವಿಭಾಗಕ್ಕೆ ಹೋಗಿ ಅಧಿಕೃತ ಸಹಿದಾರರ ಇಮೇಲ್, ಮೊಬೈಲ್ ಬದಲಾಯಿಸಬಹುದು. ಲಾಗಿನ್ನೇ ಇಲ್ಲ ಅಂದರೆ ನಿಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯನ್ನು ಕಾಣಬೇಕು. ನಿಮ್ಮ ಜಿಎಸ್‌ಟಿ ನಂಬರ್, ಅಂಗಡಿ ನಿಮ್ಮದೇ ಅನ್ನುವ ದಾಖಲೆಗಳು ಕೈಯಲ್ಲಿರಲಿ. ದಾಖಲೆ ನೋಡಿ ಅವರು ಹೊಸ ಇಮೇಲ್, ಹೊಸ ಮೊಬೈಲ್ ನಂಬರ್ ಸೇರಿಸುತ್ತಾರೆ. ಯೂಸರ್‌ನೇಮ್, ತಾತ್ಕಾಲಿಕ ಪಾಸ್‌ವರ್ಡ್ ಆ ಹೊಸ ಮೇಲ್‌ಗೇ ಬರುತ್ತೆ. ಹೋಗುವ ಮುಂಚೆ ಆ ಹೊಸ ಐಡಿಯನ್ನು ನಿಮ್ಮ ಕೈಯಲ್ಲಿರುವ ಫೋನಿನಲ್ಲಿ, ನಿಮ್ಮ ಹೆಸರಿನ ಸಿಮ್ ಕೊಟ್ಟು ಮಾಡಿಕೊಂಡು ಹೋಗಿ.