ಮಾಗಡಿ: ಸಾವನದುರ್ಗದ ಹೆಬ್ಬಾಗಿಲು

ಮಾಗಡಿ ಬೆಂಗಳೂರಿನಿಂದ ಪಶ್ಚಿಮಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿದೆ. 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ರಾಮನಗರ ಜಿಲ್ಲೆಯ ತಾಲ್ಲೂಕು ಕೇಂದ್ರವಿದು. ಭಾನುವಾರ ಬೆಳಗ್ಗೆ ಸಾವನದುರ್ಗ ಹತ್ತಲು ಬರುವವರಲ್ಲಿ ಅನೇಕರು ಊರೊಳಗೆ ಕಾಲಿಡದೆಯೇ ಹಿಂದಿರುಗುತ್ತಾರೆ. ಆದರೆ ಊರನ್ನು ಬಿಟ್ಟರೆ ಆ ಬೆಟ್ಟದ ಕಥೆ ಅರ್ಧಕ್ಕೇ ನಿಲ್ಲುತ್ತದೆ.

ಬೆಂಗಳೂರು ಕೈತಪ್ಪಿದ ಮೇಲೆ

1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಬೆಂಗಳೂರನ್ನು ಗೆದ್ದ. ಊರು ಮರಾಠ ಸರದಾರ ಶಹಾಜಿಯ ಜಹಗೀರಾಯಿತು, ಕೆಂಪೇಗೌಡರ ಮನೆತನ ಮಾಗಡಿಗೆ ಬಂದು ನೆಲೆಸಿತು. ಇದನ್ನು ಸೋತವರ ವಲಸೆ ಎಂದು ಹೇಳಿ ಮುಗಿಸುವುದು ವಾಡಿಕೆ. ನನಗೇನೋ ಹಾಗೆ ಅನ್ನಿಸುವುದಿಲ್ಲ. ಬೆನ್ನಿಗೆ ಸಾವನದುರ್ಗದಂಥ ಕೋಟೆಯಿದ್ದ ಮಾಗಡಿ, ಬಯಲಿನಲ್ಲಿದ್ದ ಬೆಂಗಳೂರಿಗಿಂತ ಕಾಯಲು ಸುಲಭವಾದ ಊರು. ಆ ಬೆಟ್ಟದ ಬಲದಿಂದಲೇ ಮನೆತನ ಮತ್ತೆ ತೊಂಬತ್ತು ವರ್ಷ ಆಳಿತು. ಊರಂಚಿನ ಸೋಮೇಶ್ವರ ದೇವಾಲಯ ಆ ಕಾಲದ್ದು.

1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಮಾಗಡಿಯನ್ನೂ ದುರ್ಗವನ್ನೂ ಹಿಡಿದ. ಕೊನೆಯ ಪಾಳೆಯಗಾರ ಮುಮ್ಮಡಿ ಕೆಂಪವೀರಗೌಡ ಶ್ರೀರಂಗಪಟ್ಟಣದ ಸೆರೆ ಸೇರಿದ.

ಮಾಗಡಿ ಸೀಮೆಯ ಇತಿಹಾಸ ಇದಕ್ಕೂ ಹಳೆಯದು. ಬೆಂಗಳೂರು ಕಟ್ಟಿದ ಹಿರಿಯ ಕೆಂಪೇಗೌಡರ ಸಮಾಧಿ ಇದೇ ತಾಲ್ಲೂಕಿನ ಕೆಂಪಾಪುರದಲ್ಲಿರುವುದು 2015ರಲ್ಲಷ್ಟೇ ಬೆಳಕಿಗೆ ಬಂತು. ಜೈನರಿಗೂ ಶ್ರೀವೈಷ್ಣವರಿಗೂ ವಿಜಯನಗರದ ಬುಕ್ಕರಾಯ 1368ರಲ್ಲಿ ಮಾಡಿಸಿದ ರಾಜಿಯ ಶಾಸನ ಶ್ರವಣಬೆಳಗೊಳದಲ್ಲಿರುವುದು ಎಲ್ಲರಿಗೂ ಗೊತ್ತು. ಅದರ ಇನ್ನೊಂದು ಪಾಠ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ.

ಕರಿಗುಡ್ಡ, ಬಿಳಿಗುಡ್ಡ

ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಗುಡ್ಡಗಳು ಸೇರಿದ ಸಾವನದುರ್ಗ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದಲ್ಲಿದೆ. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಇದೂ ಒಂದು. ಸುಮಾರು 250 ಕೋಟಿ ವರ್ಷ ಹಿಂದೆ ನೆಲದಾಳದಲ್ಲಿ ಶಿಲಾಪಾಕ ತಣ್ಣಗಾಗಿ ಗಟ್ಟಿಯಾದ ಕಲ್ಲಿದು. ಮೇಲಿನ ಪದರಗಳು ಸವೆದು ಹೋದಂತೆಲ್ಲ ಬಂಡೆ ಬಯಲಿಗೆ ಬಿತ್ತು. ಇದೇ ಶಿಲಾಪಟ್ಟಿ ಉತ್ತರ–ದಕ್ಷಿಣವಾಗಿ ನೂರಾರು ಕಿ.ಮೀ. ಹಬ್ಬಿದೆ. ಭೂವಿಜ್ಞಾನಿಗಳು ಅದನ್ನು ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ‘ಶೋಲೆ’ ಚಿತ್ರದಿಂದ ದೇಶಕ್ಕೆಲ್ಲ ಪರಿಚಯವಾದ ರಾಮದೇವರ ಬೆಟ್ಟದ ಬಂಡೆಗಳೂ ಇದೇ ಬಳಗದವು.

1791ರ ಡಿಸೆಂಬರ್

ಶ್ರೀರಂಗಪಟ್ಟಣದ ಮೇಲೆ ಏರಿಹೋಗುವ ಮೊದಲು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನಿಗೆ ದವಸ ಸಾಗುವ ದಾರಿ ಭದ್ರವಾಗಬೇಕಿತ್ತು. ಆ ದಾರಿಗೆ ಸಾವನದುರ್ಗದ ಟಿಪ್ಪುವಿನ ಪಡೆಯೇ ಅಡ್ಡಿ. ದಟ್ಟ ಬಿದಿರು ಕಾಡಿನ ನಡುವೆ ದಾರಿ ಕಡಿದು, ಭಾರಿ ಫಿರಂಗಿಗಳನ್ನು ಎಳೆದು ತಂದು ಕೋಟೆಗೋಡೆ ಒಡೆದರು. ಡಿಸೆಂಬರ್ 21ರಂದು ಲಗ್ಗೆ ನಡೆಯಿತು, ಅಂದೇ ಕೋಟೆ ಬಿತ್ತು. ಬಂಡೆ ಎಷ್ಟೇ ಕಡಿದಾಗಿದ್ದರೂ ಕೋಟೆ ಉಳಿಯುವುದು ಒಳಗಿರುವವರು ನಿಂತು ಕಾದಾಡಿದರೆ ಮಾತ್ರ. ಇಲ್ಲಿ ಕಾವಲಿನವರು ಗಾಬರಿಬಿದ್ದು ಚದುರಿದ್ದರು.

ಹತ್ತುವವರಿಗೆ

ಬುಡದಲ್ಲಿ ವೀರಭದ್ರಸ್ವಾಮಿ ಮತ್ತು ನರಸಿಂಹಸ್ವಾಮಿ ಗುಡಿಗಳಿವೆ. ಸಾಮಾನ್ಯವಾಗಿ ಹತ್ತುವುದು ಕರಿಗುಡ್ಡವನ್ನು. ತುದಿಯಲ್ಲಿ ನಂದಿ ಮಂಟಪವಿದೆ. ಮಳೆಗಾಲದಲ್ಲಿ ಬೋಳುಬಂಡೆ ಜಾರುತ್ತದೆ, ಆಗ ಹೋಗದಿರುವುದೇ ಲೇಸು. ಕಾಡು ಅರಣ್ಯ ಇಲಾಖೆಯದು, ಅನುಮತಿಯ ನಿಯಮಗಳನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಬೆಟ್ಟಕ್ಕೆ ಹತ್ತಿರದ ಮಂಚನಬೆಲೆಯಲ್ಲಿ ಅರ್ಕಾವತಿಗೆ ಅಣೆಕಟ್ಟಿದೆ. ಅಲ್ಲಿ ನೀರಿಗಿಳಿಯುವ ಆಸೆ ಬೇಡ.

ಜನಜಂಗುಳಿ ಒಗ್ಗದವರು ಮಾಗಡಿಯಿಂದ ಕುಣಿಗಲ್ ದಿಕ್ಕಿಗೆ ತಿರುಗಿ ಹುತ್ರಿದುರ್ಗ ಹತ್ತಬಹುದು. ಸಾವನದುರ್ಗ ಬಿದ್ದ ಕೆಲವೇ ದಿನಗಳಲ್ಲಿ ಅದೂ ಕಾರ್ನ್‌ವಾಲಿಸನ ಕೈಸೇರಿತ್ತು. ಅದರ ಕೋಟೆಬಾಗಿಲುಗಳು ಒಂದರ ಮೇಲೊಂದರಂತೆ ಏರುದಾರಿಯಲ್ಲಿ ಈಗಲೂ ನಿಂತಿವೆ.